ಹಾಡಲು ಮನಸ್ಸಿಲ್ಲದ ಹಾಡುಹಕ್ಕಿ

ಕೋಗಿಲೆ ಹಾಡುಹಕ್ಕಿ ಅಲ್ಲ. ಕಾಗೆ ಹಾಡುಹಕ್ಕಿ! ಪಕ್ಷಿವಿಜ್ಞಾನದ ಲೆಕ್ಕ ಹೀಗೇ ಇರೋದು. ದನಿ ಇಂಪಾಗಿದ್ದರೆ ಸಾಕು ಅಂದುಕೊಂಡವರು ಪಶ್ಚಿಮ ಆಫ್ರಿಕಾದ ಮಳೆಕಾಡಿನ ಬಿಳಿಕತ್ತಿನ ರಾಕ್‌ಫೌಲ್ ಎಂಬ ಹಾಡುಹಕ್ಕಿಯನ್ನು ನೋಡಬೇಕು. ಉದ್ದ ಸುಮಾರು 40 ಸೆಂ.ಮೀ. ಬೆನ್ನು ಕಪ್ಪು, ಎದೆ ಬಿಳಿ. ತಲೆ ಪೂರ್ತಿ ಬೋಳು, ಹಳದಿ. ಕಿವಿಗಳ ಮೇಲೆ ಹೆಡ್‌ಫೋನ್ ಹಾಕಿಕೊಂಡಂತೆ ಎರಡು ಕಪ್ಪು ಬಿಲ್ಲೆ. ಹಾಡು? ಹೆಚ್ಚಿನ ಹೊತ್ತು ಬಾಯೇ ಬಿಡುವುದಿಲ್ಲ. ಬಿಟ್ಟರೂ ಒರಟು ಗೊರಗೊರ, ಅಷ್ಟೆ.

ಹಾಗಾದರೆ ಇದು ಹಾಡುಹಕ್ಕಿ ಹೇಗೆ? ಹಕ್ಕಿಗಳ ದನಿ ಹುಟ್ಟುವುದು ನಮ್ಮ ಹಾಗೆ ಗಂಟಲಿನ ಮೇಲ್ಭಾಗದಲ್ಲಲ್ಲ. ಇನ್ನೂ ಕೆಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಸಿರಿಂಕ್ಸ್ ಎಂಬ ಅಂಗವಿದೆ. ಹಾಡುಹಕ್ಕಿಗಳ ಮನೆತನದಲ್ಲಿ ಅದನ್ನು ಆಡಿಸಲು ಹಲವು ಜೊತೆ ಪುಟ್ಟ ಸ್ನಾಯುಗಳಿರುತ್ತವೆ. ಎಡ, ಬಲ ಬೇರೆಬೇರೆಯಾಗಿ ಕೆಲಸ ಮಾಡಬಲ್ಲವು. ಹಾಗಾಗಿ ಕೆಲವು ಹಕ್ಕಿಗಳು ಒಂದೇ ಸಲಕ್ಕೆ ಎರಡು ಸ್ವರ ಹೊರಡಿಸುತ್ತವೆ. ಈ ಮನೆತನದ ಮರಿಗಳು ದೊಡ್ಡವನ್ನು ಕೇಳಿ ದನಿ ಕಲಿಯುತ್ತವೆ. ಕೋಗಿಲೆಗೆ ಆ ಕಲಿಕೆ ಬೇಕಿಲ್ಲ. ಕಾಗೆಯ ಗೂಡಲ್ಲಿ ಬೆಳೆದರೂ ದೊಡ್ಡದಾದ ಮೇಲೆ ಕುಹೂ ಎನ್ನುತ್ತದೆ, ಅಲ್ವಾ? ಅಂದರೆ ಇಲ್ಲಿ ನೋಡುವುದು ವಂಶವನ್ನು, ಸಂಗೀತ ಕಛೇರಿಯನ್ನಲ್ಲ.

ಆದರೆ ರಾಕ್‌ಫೌಲಿನ ವಂಶ ಹುಡುಕುವುದೇ ದೊಡ್ಡ ಪಜೀತಿಯಾಯಿತು. 1825ರಲ್ಲಿ ಡಚ್ ವಿಜ್ಞಾನಿ ಟೆಮಿಂಕ್ ಇದನ್ನು ಕಾಗೆಗಳ ಜೊತೆ ಸೇರಿಸಿದ. ಆಮೇಲಿನವರು ಮೈನಾಗಳ ಜೊತೆ, ಹರಟೆಮಲ್ಲಗಳ ಜೊತೆ ಇಟ್ಟು ನೋಡಿದರು. ಕೊನೆಗೆ ಡಿಎನ್ಎ ತೋರಿಸಿದ ನೆಂಟರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ರಾಕ್‌ಜಂಪರ್, ಇನ್ನೊಬ್ಬರು ಎಲ್ಲೋ ದೂರದ ಮಲಯಾ ಕಾಡಿನ ರೈಲ್‌ಬ್ಯಾಬ್ಲರ್! 1954ರಲ್ಲಿ ಮುಂದೆ ಪ್ರಾಣಿಪಕ್ಷಿಗಳ ಟಿವಿ ಚಿತ್ರಗಳಿಗೆ ಹೆಸರಾದ ಯುವಕ ಡೇವಿಡ್ ಅಟೆನ್‌ಬರೋ ಸಿಯೆರಾ ಲಿಯೋನ್‌ಗೆ ಹೋದದ್ದೂ ಇದೇ ಬೋಳುತಲೆಯನ್ನು ಹುಡುಕಿಕೊಂಡು.

ಇದರ ಬೇಡಿಕೆಗಳೂ ಜಾಸ್ತಿ. ಕಾಡಿನೊಳಗೆ ಮುಂದಕ್ಕೆ ಚಾಚಿದ ಬಂಡೆ ಬೇಕು. ಅದರಡಿ ಕೆಸರಿನ ಗೂಡು ಅಂಟಿಸುತ್ತದೆ. ಬಯಲಲ್ಲಿ ಕಟ್ಟಿದರೆ ಅಲ್ಲಿನ ಮಳೆಗೆ ಕರಗಿಹೋಗುತ್ತದೆ. ಒಳ್ಳೆಯ ಬಂಡೆ ಸಿಕ್ಕರೆ ಹಲವು ಜೋಡಿಗಳು ಅಕ್ಕಪಕ್ಕ ಕಟ್ಟುತ್ತವೆ, ಹಳೆಯ ಗೂಡನ್ನೇ ರಿಪೇರಿ ಮಾಡಿ ಮತ್ತೆ ಬಳಸುತ್ತವೆ. ಊಟಕ್ಕೆ ಇರುವೆ ದಂಡಿನ ಹಿಂದೆ ಕುಪ್ಪಳಿಸುತ್ತಾ ಹೋಗಿ, ದಂಡಿಗೆ ಹೆದರಿ ಓಡುವ ಹುಳಗಳನ್ನು ಹಿಡಿಯುತ್ತದೆ.

ಘಾನಾದಲ್ಲಿ ಇದು ಅಳಿದೇ ಹೋಯಿತು ಅಂದುಕೊಂಡಿದ್ದರು, 2003ರಲ್ಲಿ ಮತ್ತೆ ಕಂಡಿತು. ಬಂಡೆಯನ್ನೇನೋ ಯಾರೂ ಹೊತ್ತೊಯ್ಯುವುದಿಲ್ಲ. ಸುತ್ತಲಿನ ಮರ ಕಡಿದು ಹೊಲ ಮಾಡುವುದೇ ಈಗಿನ ತೊಂದರೆ. ಬೇರೆ ಕಾಡಿಗೆ ಹೋಗೋಣ ಅಂದರೆ, ಇದು ದೂರ ಹಾರುವ ಹಕ್ಕಿಯೂ ಅಲ್ಲ.