ಫೋಟೊ ಸಿಕ್ಕಿತು, ಪತಂಗ ಸಿಗಲಿಲ್ಲ

2009ರಲ್ಲಿ ವೆನೆಜುವೆಲಾದ ಗ್ರಾನ್ ಸಬಾನಾ ಸೀಮೆಯಲ್ಲಿ ಪ್ರಾಣಿವಿಜ್ಞಾನಿ ಆರ್ಥರ್ ಆಂಕರ್ ಒಂದು ಪತಂಗದ ಫೋಟೊ ತೆಗೆದರು. ಕತ್ತು, ಎದೆ, ಕಾಲುಗಳ ಮೇಲೆಲ್ಲ ದಟ್ಟ ಬಿಳಿ ರೋಮ, ಉಬ್ಬಿದ ಕಪ್ಪು ಕಣ್ಣು, ಬಾಚಣಿಗೆಯಂಥ ಕಂದು ಮೀಸೆ. ಆಂಕರ್ ಸೀಗಡಿಗಳ ಪರಿಣತರು, ಪತಂಗಗಳವರಲ್ಲ. ‘ಪೂಡಲ್ ಪತಂಗ’ (ಪೂಡಲ್ ಎಂದರೆ ಗುಂಗುರು ಕೂದಲಿನ ಒಂದು ನಾಯಿ ತಳಿ) ಎಂದು ಅಡ್ಡಹೆಸರಿಟ್ಟು ಸುಮ್ಮನಾದರು.

2012ರಲ್ಲಿ ಚಿತ್ರ ಲೋಕವೆಲ್ಲ ಸುತ್ತಿತು. ಕೆಲವರು ಇದು ಕೃತಕವೆಂದರು, ಇನ್ನು ಕೆಲವರು ಹೊಸ ಪ್ರಭೇದವೆಂದು ಸಾರಿಯೇಬಿಟ್ಟರು. ಇದೇ ಹೆಸರಿನಲ್ಲಿ ಬೇರೆ ಚಿತ್ರಗಳೂ ಓಡಾಡಿದವು. ಅವುಗಳಲ್ಲೊಂದನ್ನು ರಾಮನಗರ, ಶಿಡ್ಲಘಟ್ಟದ ಕಡೆಯವರು ಕಂಡಿದ್ದರೆ ನಕ್ಕುಬಿಡುತ್ತಿದ್ದರು. ಅದು ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಡುವ ಮಾಮೂಲಿ ರೇಷ್ಮೆ ಚಿಟ್ಟೆ, ಬಾಂಬಿಕ್ಸ್ ಮೋರಿ!

ಪತಂಗ ಬಲ್ಲವರು ಫೋಟೊ ನೋಡಿ ಮುಂದಿಟ್ಟ ಊಹೆ ಇನ್ನೊಂದು: ಲ್ಯಾಸಿಯೋಕ್ಯಾಂಪಿಡೇ ಕುಟುಂಬದ, ಅಮೆರಿಕ ಖಂಡಗಳಲ್ಲಿರುವ ಆರ್ಟೇಸ್ ಕುಲ (ಹತ್ತಿರದ ಪ್ರಭೇದಗಳ ಗುಂಪು). ಈ ಕುಲದ ಪತಂಗಗಳೂ ಬೆಳ್ಳಗೆ, ರೋಮಭರಿತ. ಆದರೆ ಕುಲದವರೆಗೆ ಬಂದು ವಿಷಯ ನಿಂತಿತು. ಏಕೆಂದರೆ ಮ್ಯೂಸಿಯಂನಲ್ಲಿ ಇಡಬಹುದಾದ ಪತಂಗ ಯಾರ ಕೈಯಲ್ಲೂ ಇರಲಿಲ್ಲ.

ಬಿಳಿ ಪತಂಗಗಳ ಗುರುತು ಹಿಡಿಯುವುದು ರೆಕ್ಕೆ ನೋಡಿ ಆಗುವ ಕೆಲಸವಲ್ಲ. ಒಣಗಿಸಿಟ್ಟ ಪತಂಗದ ಹೊಟ್ಟೆಯ ತುದಿಯನ್ನು ಕ್ಷಾರದ್ರಾವಣದಲ್ಲಿ ನೆನೆಸಿ, ಶಲ್ಕ (ಮೈಮೇಲಿನ ಪುಟ್ಟ ಹುರುಪೆ) ಮತ್ತು ಕೊಬ್ಬು ತೆಗೆದು, ಒಳಗಿನ ಗಟ್ಟಿಯಾದ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ಹೋಲಿಸುತ್ತಾರೆ. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಪ್ರಭೇದಗಳು ಇಲ್ಲಿ ಬೇರೆಯಾಗುವುದುಂಟು. ಒಂದು ಕಾಲು ಕಿತ್ತರೆ ಡಿಎನ್‌ಎ ಬಾರ್‌ಕೋಡ್‌ಗೆ, ಅಂದರೆ ಡಿಎನ್‌ಎಯ ಒಂದು ತುಣುಕನ್ನು ಓದಿ ಪ್ರಭೇದ ಗುರುತಿಸುವುದಕ್ಕೆ, ಸಾಕು. ಆ ವಿಧಾನ 2003ರಿಂದ ಬಳಕೆಗೆ ಬಂದಿದೆ. ಫೋಟೊದಿಂದ ಇವೆರಡೂ ಆಗದು.

ಫೋಟೊ ನೋಡಿಯೇ ಹೆಸರಿಡಬಾರದೇ? 2015ರಲ್ಲಿ ಇಬ್ಬರು ತಜ್ಞರು ದಕ್ಷಿಣ ಆಫ್ರಿಕಾದ ನೊಣವೊಂದಕ್ಕೆ ಬರೀ ಛಾಯಾಚಿತ್ರದ ಆಧಾರದಲ್ಲಿ ವೈಜ್ಞಾನಿಕ ಹೆಸರಿಟ್ಟು ದೊಡ್ಡ ಜಗಳ ಹಚ್ಚಿದರು. ಹೋಲಿಸಲು ವಸ್ತುವೇ ಇಲ್ಲದ ಹೆಸರನ್ನು ಮುಂದಿನವರು ಪರೀಕ್ಷಿಸುವುದು ಹೇಗೆ ಎಂಬುದು ಆಕ್ಷೇಪ. ನನಗೂ ಅದೇ ಸರಿಯೆನಿಸುತ್ತದೆ.

ಪೂಡಲ್ ಪತಂಗದ ವಿಷಯದಲ್ಲಂತೂ ‘ಹೊಸದು’ ಎನ್ನುವುದೇ ಆತುರದ ಮಾತು. ದಕ್ಷಿಣ ಅಮೆರಿಕದ ಎಷ್ಟೋ ಪತಂಗಗಳು ಹತ್ತೊಂಬತ್ತನೇ ಶತಮಾನದಲ್ಲೇ ಯೂರೋಪಿನ ಮ್ಯೂಸಿಯಂಗಳನ್ನು ಸೇರಿ, ನಾಲ್ಕು ಸಾಲಿನ ಲ್ಯಾಟಿನ್ ವರ್ಣನೆ ಪಡೆದು, ಮತ್ತೆ ಯಾರ ಕಣ್ಣಿಗೂ ಬೀಳದೆ ಉಳಿದಿವೆ. ಇದೂ ಅಂಥದ್ದೇ ಆಗಿದ್ದರೆ ಇದರ ಹೆಸರು ಆಗಲೇ ಯಾವುದೋ ಡಬ್ಬಿಯ ಚೀಟಿಯ ಮೇಲಿದೆ. ಗ್ರಾನ್ ಸಬಾನಾದಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಬಂದ ಪತಂಗವನ್ನು ಹಿಡಿದು ತಂದು ಆ ಡಬ್ಬಿಯ ಪಕ್ಕ ಇಡುವವರು ಬೇಕಾಗಿದ್ದಾರೆ.