ಸಮತೋಲ ಅಂದರೆ ಎರಡೂ ಕಡೆ ಸಮ ತೂಕ ಅಲ್ಲ

ಪ್ರಶ್ನೆ: ಮಗಳಿಗೆ ಐದು ವರ್ಷ. ಗುರುತ್ವ ಕೇಂದ್ರ ಅಂದರೇನು ಅಂತ ಅವಳಿಗೆ ಹೇಗೆ ಹೇಳಿಕೊಡುವುದು? ‘ಎರಡೂ ಕಡೆ ಸಮ ತೂಕ ಇರುವ ಜಾಗ’ ಅಂದರೆ ಸಾಕಲ್ವಾ?

ಸಾಲದು. ತಪ್ಪು ಕೂಡ. ಇದನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಐದು ವರ್ಷಕ್ಕೆ ಆ ಪದವೇ ಬೇಡ, ಒಂದು ಸ್ಕೇಲ್ ಕೊಡಿ. ಎರಡು ತೋರುಬೆರಳುಗಳನ್ನು ದೂರ ದೂರ ಇಟ್ಟು, ಮೇಲೆ ಸ್ಕೇಲ್ ಮಲಗಿಸಿ, ಬೆರಳುಗಳನ್ನು ನಿಧಾನವಾಗಿ ಹತ್ತಿರ ತರಲು ಹೇಳಿ. ಎಲ್ಲಿಂದ ಶುರು ಮಾಡಿದರೂ ಬೆರಳುಗಳು ಸೇರುವುದು ಒಂದೇ ಜಾಗದಲ್ಲಿ. ಗುರುತ್ವ ಕೇಂದ್ರ ಇರುವುದು ಅಲ್ಲೇ. ಆ ಜಾಗಕ್ಕೆ ಅವಳೇ ಹೆಸರಿಡಲಿ. ಒಬ್ಬ ಹುಡುಗ ‘ಸುಮ್ನಿರೋ ಜಾಗ’ ಅಂತ ಇಟ್ಟಿದ್ದ. ಪಠ್ಯಪುಸ್ತಕದ ಹೆಸರಿಗಿಂತ ನನಗೆ ಅದೇ ಇಷ್ಟ.

ಈಗ ಆ ‘ಸಮ ತೂಕ’ದ ವಿಷಯ. ಸ್ಕೇಲ್ ಉದ್ದಕ್ಕೂ ಒಂದೇ ದಪ್ಪ. ಹಾಗಾಗಿ ಬೆರಳುಗಳು ಸೇರುವುದು ನಡುಮಧ್ಯದಲ್ಲೇ, ಎರಡೂ ಕಡೆ ತೂಕವೂ ಸಮ. ಎಡವಟ್ಟು ಆಗುವುದೇ ಇಲ್ಲಿ. ಸ್ಕೇಲ್ ಒಂದನ್ನೇ ನೋಡಿ ನಿಲ್ಲಿಸಿದರೆ ಮಗು ತಪ್ಪನ್ನೇ ಕಲಿಯುತ್ತದೆ.

ಉದ್ದ ಹಿಡಿಯ ಪೊರಕೆ ತೆಗೆದುಕೊಂಡು ಅದೇ ಆಟ ಆಡಿ. ಬೆರಳುಗಳು ಗುಡಿಸುವ ತುದಿಯ ಹತ್ತಿರ ಸೇರುತ್ತವೆ. ‘ನಡುಮಧ್ಯ’ ಹೋಯಿತು. ಇಷ್ಟನ್ನು ದೊಡ್ಡವರೂ ಒಪ್ಪುತ್ತಾರೆ. ಸರಿ, ಆ ಜಾಗದಲ್ಲೇ ಪೊರಕೆಯನ್ನು ಎರಡು ತುಂಡು ಮಾಡಿದರೆ ಯಾವ ತುಂಡು ಭಾರ? ‘ಎರಡೂ ಸಮ, ಇಲ್ಲದಿದ್ದರೆ ಬೀಳ್ತಿತ್ತಲ್ವಾ’ ಅನ್ನುತ್ತಾರೆ. ಎಂಜಿನಿಯರಿಂಗ್ ಓದಿದವರೂ ಹೀಗೇ ಅಂದದ್ದನ್ನು ಕೇಳಿದ್ದೇನೆ.

ಪೊರಕೆ ಕತ್ತರಿಸಿ ಬೈಸಿಕೊಳ್ಳಬೇಡಿ, ಕ್ಯಾರೆಟ್ ಸಾಕು. ದಾರಕ್ಕೆ ತೂಗುಹಾಕಿ, ಯಾವ ಕಡೆಗೂ ವಾಲದೆ ಅಡ್ಡಡ್ಡಲಾಗಿ ನಿಲ್ಲುವ ಜಾಗ ಹುಡುಕಿ, ಅಲ್ಲೇ ಕತ್ತರಿಸಿ ತೂಕ ನೋಡಿ. ಬುಡದಿಂದ ತುದಿವರೆಗೆ ಒಂದೇ ಸಮನೆ ಚೂಪಾಗುವ ಕ್ಯಾರೆಟ್ 100 ಗ್ರಾಂ ಇದ್ದರೆ, ದಪ್ಪ ತುಂಡು ಸುಮಾರು 58 ಗ್ರಾಂ, ಚೂಪು ತುಂಡು 42. ಸಮವೇ ಅಲ್ಲ!

ಹಾಗಾದರೆ ಬೀಳಲಿಲ್ಲ ಯಾಕೆ? ಚೂಪು ತುಂಡು ಹಗುರ, ಆದರೆ ದೂರದವರೆಗೆ ಚಾಚಿಕೊಂಡಿದೆ. ದಪ್ಪ ತುಂಡು ಭಾರ, ಆದರೆ ದಾರದ ಪಕ್ಕದಲ್ಲೇ ಇದೆ. ಪ್ರತಿ ಚೂರಿನ ತೂಕವನ್ನು ಅದರ ದೂರದಿಂದ ಗುಣಿಸಿ ಕೂಡಿದರೆ, ಆ ಮೊತ್ತ ಎರಡೂ ಕಡೆ ಒಂದೇ. ಮಗುವಿಗೆ ಗುಣಾಕಾರ ಬೇಕಿಲ್ಲ, ಸೀಸಾ ಗೊತ್ತಲ್ಲ. 15 ಕಿಲೋ ತಮ್ಮ ನಡುವಿನಿಂದ 2 ಮೀಟರ್ ದೂರ ಕೂತರೆ, 30 ಕಿಲೋ ಅಕ್ಕ 1 ಮೀಟರಿನಲ್ಲಿ ಕೂರಬೇಕು. ಮಕ್ಕಳು ಇದನ್ನು ಯಾರನ್ನೂ ಕೇಳದೆ ಮಾಡುತ್ತಾರೆ. ಮರೆಯುವವರು ನಾವು.

ಈ ತಪ್ಪು ನಮಗೆ ಅಂಟಿದ್ದು ತಕ್ಕಡಿಯಿಂದ ಅಂತ ನನ್ನ ಗುಮಾನಿ. ಅಲ್ಲಿ ಎರಡು ತಟ್ಟೆಗಳೂ ಒಂದೇ ದೂರದಲ್ಲಿ ತೂಗುತ್ತವೆ. ಅದಕ್ಕೇ ತೂಕ ಸಮ ಆದರೆ ಸಾಕು. ಮೇಲಾಗಿ ‘ಸಮತೋಲ’ ಅನ್ನುವ ಪದದಲ್ಲೇ ‘ಸಮ’ ಬಂದು ಕೂತಿದೆ, ಏನು ಮಾಡೋಣ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಪೊರಕೆ ಕೈಯಲ್ಲೇ ಇದೆಯಲ್ಲ. ಅದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವುದಾದರೆ ಭಾರದ ತುದಿ ಮೇಲಿರಬೇಕಾ, ಕೆಳಗಾ? ಎಲ್ಲರೂ ‘ಕೆಳಗೆ’ ಅನ್ನುತ್ತಾರೆ. ಮೇಜಿನ ಮೇಲೆ ತಾನಾಗಿ ನಿಲ್ಲಬೇಕಾದ ಹೂಜಿಗೆ ಆ ಮಾತು ಸರಿ. ಅಂಗೈ ಮೇಲೆ ಮಾತ್ರ ಉಲ್ಟಾ. ಭಾರ ಎತ್ತರದಲ್ಲಿದ್ದಷ್ಟೂ ಕೋಲು ನಿಧಾನವಾಗಿ ವಾಲುತ್ತದೆ, ಕೈ ಸರಿಸಿ ಸಂಭಾಳಿಸಲು ಜಾಸ್ತಿ ಸಮಯ ಸಿಗುತ್ತದೆ. ಒಂದೇ ದಪ್ಪದ ಕೋಲಿನ ಉದ್ದ ನಾಲ್ಕು ಪಟ್ಟಾದರೆ ಬೀಳುವ ಸಮಯ ಎರಡು ಪಟ್ಟು. ಪೆನ್ಸಿಲ್ ಅಂಗೈ ಮೇಲೆ ಯಾಕೆ ನಿಲ್ಲುವುದಿಲ್ಲ ಅಂತ ಮಗಳು ಕೇಳಿದರೆ ಇದೇ ಉತ್ತರ. ಪ್ರಯೋಗ ಮಾಡುವಾಗ ಹತ್ತಿರದಲ್ಲಿ ಗಾಜಿನ ಸಾಮಾನು ಇರದಿರಲಿ, ಮೊದಲ ಹತ್ತು ಸಲ ಪೊರಕೆ ಬಿದ್ದೇ ಬೀಳುತ್ತದೆ.