ಮನೆ ಕೂಟ ನಮ್ಮ ಮನೆಗೆ ಬರುತ್ತಿದೆ, ಏನೇನು ಮಾಡಬೇಕು?

ಪ್ರಶ್ನೆ: ನಾವು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಬಾಡಿಗೆ ಮನೆ, ಎರಡನೇ ಮಹಡಿ, ಹಾಲ್ ಚಿಕ್ಕದು. ಮುಂದಿನ ತಿಂಗಳ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲಿ ಎಂದು ಭಾನುವಾರ ಚರ್ಚ್‌ನಲ್ಲಿ ಪ್ರಕಟಣೆ ಆಯಿತು. ಎಷ್ಟು ಜನ ಬರಬಹುದು, ಕ್ರಮ ಹೇಗೆ, ಊಟ ಹಾಕಲೇಬೇಕೇ? ಅಯ್ಯನವರು (ಸಭಾಪಾಲಕರು) ಬರಲಾಗದಿದ್ದರೆ ನಡೆಸುವವರು ಯಾರು?

ಉತ್ತರ: ಊಟ ಹಾಕಲೇಬೇಕೆಂದಿಲ್ಲ. ಈ ಒಂದು ಮಾತು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ, ಹಾಗಾಗಿ ಮೊದಲೇ ಹೇಳಿದ್ದೇವೆ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಮನೆ ಕೂಟ ಭಾನುವಾರದ ಆರಾಧನೆಯ ಚಿಕ್ಕ ನಕಲು ಆಗಬಾರದು. ಇನ್ನೂರು ಮುನ್ನೂರು ಜನ ಸೇರುವ ದೇವಾಲಯದಲ್ಲಿ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಮಂಡಿ ನೋವೋ, ಮಗನ ಕೆಲಸ ಹೋಗಿದೆಯೋ ಯಾರಿಗೂ ತಿಳಿಯುವುದಿಲ್ಲ. ಮನೆಯ ಜಮಖಾನದ ಮೇಲೆ ಎದುರುಬದುರು ಕೂತಾಗ ಅದು ತಿಳಿಯುತ್ತದೆ. ಹೆಸರು ಹಿಡಿದು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದಕ್ಕೇ ಈ ಕೂಟ ಇರುವುದು. ಜನ ಎಷ್ಟಿರಬೇಕು, ಹೊತ್ತು ಎಷ್ಟಾಗಬೇಕು ಎಂಬುದನ್ನೆಲ್ಲ ಇದಕ್ಕೆ ಹೊಂದಿಸಿಕೊಂಡೇ ತೀರ್ಮಾನಿಸಿ.

ಊರು ಬಿಟ್ಟು ಬಂದವರ ಮನೆ ಎಂದು ಹಿಂಜರಿಯಬೇಡಿ. ಬೈಬಲಿನಲ್ಲಿ ಬರುವ ದಂಪತಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ರೋಮ್ ಬಿಟ್ಟು ಕೊರಿಂಥಕ್ಕೆ ಬಂದವರು, ಗುಡಾರ ಮಾಡುವ ಕಸುಬಿನವರು. ಎಫೆಸದಲ್ಲಿದ್ದಾಗಲೂ ಮುಂದೆ ರೋಮ್‌ನಲ್ಲಿದ್ದಾಗಲೂ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು ಎಂದು ಅಪೊಸ್ತಲ ಪೌಲನ ಪತ್ರಿಕೆಗಳಲ್ಲಿ ಇದೆ (1 ಕೊರಿಂಥ 16:19, ರೋಮಾ 16:5).

ಹತ್ತು ಅಡಿ ಹನ್ನೆರಡು ಅಡಿಯ ಹಾಲ್‌ನಲ್ಲಿ ಸೋಫಾ, ಟೀಪಾಯಿಯನ್ನು ರೂಮಿಗೆ ಸರಿಸಿದರೆ ನೆಲದ ಮೇಲೆ ಹದಿನೈದು ಜನ ಆರಾಮಾಗಿ ಕೂರಬಹುದು. ಇಕ್ಕಟ್ಟಾದರೂ ಪರವಾಗಿಲ್ಲ ಎಂದರೆ ಇಪ್ಪತ್ತು. ಅದಕ್ಕಿಂತ ಹೆಚ್ಚು ಜನ ಬಂದರೆ ಕೆಲವರು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ, ಅವರು ಕೂಟದಲ್ಲಿ ಇದ್ದೂ ಇಲ್ಲದ ಹಾಗೆ. ಮಂಡಿ ನೋವಿನ ಹಿರಿಯರಿಗೆ ಗೋಡೆಗೆ ಒತ್ತಿ ನಾಲ್ಕೈದು ಕುರ್ಚಿ ಹಾಕಿ. ಇಪ್ಪತ್ತು ಜೊತೆ ಚಪ್ಪಲಿ ಮೆಟ್ಟಿಲ ಮೇಲೆ ಹರಡಿದರೆ ಕತ್ತಲಲ್ಲಿ ಎಡವುವವರು ಮೇಲಿನ ಮನೆಯವರು. ಬಾಗಿಲ ಒಂದು ಬದಿಗೆ ಹಳೆಯ ಚಾಪೆ ಹಾಸಿ, ಚಪ್ಪಲಿ ಅಲ್ಲೇ ಬಿಡಲು ಹೇಳಿ.

ಮನೆ ಮಾಲೀಕರಿಗೆ ಎರಡು ಮೂರು ದಿನ ಮುಂಚೆ ನೀವೇ ಹೋಗಿ ಹೇಳಿ, ಫೋನಿನಲ್ಲಿ ಬೇಡ. "ಶನಿವಾರ ಸಾಯಂಕಾಲ ನಮ್ಮ ಸಭೆಯವರು ಪ್ರಾರ್ಥನೆಗೆ ಬರ್ತಾರೆ, ಎಂಟೂಕಾಲಿಗೆಲ್ಲ ಮುಗಿಯುತ್ತೆ, ನೀವೂ ಬಂದು ಟೀ ಕುಡೀರಿ" ಎಂದರೆ ಸಾಕು. ಅಕ್ಕಪಕ್ಕದ ಮನೆಗೂ ಇದೇ ಮಾತು. ಅಪಾರ್ಟ್‌ಮೆಂಟ್ ಆದರೆ ಎಷ್ಟು ಗಾಡಿ ಬರುತ್ತವೆ ಎಂದು ಸೆಕ್ಯೂರಿಟಿಗೆ ಮೊದಲೇ ತಿಳಿಸಿ. ಕೂಟಗಳಿಂದ ಬರುವ ಜಗಳಗಳಲ್ಲಿ ಹೆಚ್ಚಿನವು ಅಡ್ಡ ನಿಂತ ಸ್ಕೂಟರಿನಿಂದಲೋ ಜೋರು ಸದ್ದಿನಿಂದಲೋ ಶುರುವಾಗುತ್ತವೆ. ಮೈಕು, ಸ್ಪೀಕರ್ ಖಂಡಿತ ಬೇಡ. ಹದಿನೈದು ಜನರ ಹಾಲ್‌ಗೆ ಅದರ ಅಗತ್ಯವೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ನಂತರ 45 ಡೆಸಿಬಲ್ ಮಿತಿ. ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ.

ಬೆಂಗಳೂರಿನ ಟ್ರಾಫಿಕ್‌ಗೆ ಏಳು ಗಂಟೆ ಸರಿಯಾದ ಹೊತ್ತು. ಏಳಕ್ಕೆ ಐದೇ ಜನ ಇದ್ದರೂ ಏಳಕ್ಕೇ ಶುರು ಮಾಡಿ. ತಡವಾಗಿ ಬರುವವರಿಗೆ ಕಾದರೆ ಮುಂದಿನ ತಿಂಗಳು ಎಲ್ಲರೂ ಏಳೂವರೆಗೆ ಬರುತ್ತಾರೆ. ಒಟ್ಟು ಒಂದೂಕಾಲು ಗಂಟೆ ಸಾಕು: ಆರಂಭದ ಚಿಕ್ಕ ಪ್ರಾರ್ಥನೆ, ಹದಿನೈದು ನಿಮಿಷ ಹಾಡು, ಬೈಬಲ್ ವಾಕ್ಯ ಓದುವುದಕ್ಕೆ ಐದು ನಿಮಿಷ, ಸಂದೇಶ ಹದಿನೈದು ನಿಮಿಷ, ಒಬ್ಬರೋ ಇಬ್ಬರೋ ಸಾಕ್ಷಿ (ದೇವರು ತಮಗೆ ಮಾಡಿದ ಉಪಕಾರ) ಹೇಳುವುದಕ್ಕೆ ಹತ್ತು, ಕೊನೆಗೆ ಪ್ರಾರ್ಥನೆಗೆ ಪೂರ್ತಿ ಇಪ್ಪತ್ತೈದು ನಿಮಿಷ. ಹೊತ್ತು ಮೀರಿದಾಗಲೆಲ್ಲ ಜನ ಪ್ರಾರ್ಥನೆಯನ್ನೇ ಮೊಟಕು ಮಾಡುತ್ತಾರೆ. ಮೊಟಕು ಮಾಡಬೇಕಾದದ್ದು ಸಂದೇಶವನ್ನು. ತ್ರೋವದಲ್ಲಿ ಪೌಲನೇ ಮಧ್ಯರಾತ್ರಿವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತಿದ್ದ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ (ಅಪೊಸ್ತಲರ ಕೃತ್ಯಗಳು 20:9). ಇಡೀ ದಿನ ಕೆಲಸ ಮಾಡಿ, ಸಿಲ್ಕ್ ಬೋರ್ಡ್ ದಾಟಿ ಬಂದವರ ಕಣ್ಣೂ ಎಳೆಯುತ್ತಿರುತ್ತದೆ.

ಹಾಡು ಮೂರು ಸಾಕು, ಎಲ್ಲರಿಗೂ ಬಾಯಿಪಾಠ ಇರುವಂಥವು. ಹಾಡಿನಲ್ಲಿ ಪದೇ ಪದೇ ಕೆಡುವುದು ಶ್ರುತಿ. ಹುಮ್ಮಸ್ಸಿನಲ್ಲಿ ಪಲ್ಲವಿಯನ್ನು ಮೇಲಿನಿಂದ ಎತ್ತಿಕೊಂಡುಬಿಡುತ್ತಾರೆ. ನಮ್ಮ ಎಷ್ಟೋ ಕೀರ್ತನೆಗಳ ಚರಣ ಪಲ್ಲವಿಗಿಂತ ಎತ್ತರಕ್ಕೆ ಹೋಗುವುದರಿಂದ, ಚರಣ ಬಂದಾಗ ಗಂಡಸರು ಸುಮ್ಮನಾಗುತ್ತಾರೆ, ಹೆಂಗಸರ ದನಿ ಕೀರಲಾಗುತ್ತದೆ, ಕೊನೆಗೆ ಶುರು ಮಾಡಿದವರು ಒಬ್ಬರೇ ಉಳಿಯುತ್ತಾರೆ. ಹಾಡಿಸುವವರು ಚರಣದ ಅತಿ ಎತ್ತರದ ಸಾಲನ್ನು ಮೊದಲು ಮೆಲ್ಲಗೆ ಗುನುಗಿ ನೋಡಿಕೊಳ್ಳಲಿ. ಅದು ಸಲೀಸಾಗಿ ಬರುವ ಶ್ರುತಿಯಲ್ಲೇ ಪಲ್ಲವಿ ಹಿಡಿಯಲಿ.

ವಾಕ್ಯಭಾಗ ಎಂಟು ಹತ್ತು ವಚನಕ್ಕಿಂತ ಹೆಚ್ಚು ಬೇಡ. ಬೈಬಲಿನ 121ನೇ ಕೀರ್ತನೆ ಎಂಟೇ ವಚನ. ಹೋಗುವಾಗಲೂ ಬರುವಾಗಲೂ ಕಾಪಾಡುವ ದೇವರ ಮಾತು ಅದರ ಕೊನೆಯಲ್ಲಿದೆ, ದಿನಾ ಮೂರು ಗಂಟೆ ರಸ್ತೆಯಲ್ಲಿ ಕಳೆಯುವ ಮನೆಗಳಿಗೆ ಅದು ತಾನಾಗಿ ತಟ್ಟುತ್ತದೆ. ಹೊಸ ಮನೆಯಾದರೆ 127ನೇ ಕೀರ್ತನೆ, ಗುಣವಾಗಿ ಬಂದವರಿದ್ದರೆ 103ರ ಮೊದಲ ಐದು ವಚನ. ಪುಸ್ತಕ, ಅಧ್ಯಾಯ, ವಚನವನ್ನು ಎರಡು ಸಲ ಹೇಳಿ, ಪುಟ ಮಗುಚುವ ಸದ್ದು ನಿಲ್ಲುವವರೆಗೆ ಕಾಯಿರಿ. ಯೋಹಾನನ ಸುವಾರ್ತೆ ಎಂದರೆ ಯೋಹಾನನ ಪತ್ರಿಕೆ ತೆರೆದು ಕೂತವರು ಒಬ್ಬರಾದರೂ ಇರುತ್ತಾರೆ, ಪಕ್ಕದಲ್ಲಿರುವವರು ನೋಡಿಕೊಳ್ಳಬೇಕು. ಇಡೀ ಸತ್ಯವೇದ (ಬೈಬಲ್) ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ. ಆಮೇಲೆ ಪರಿಷ್ಕರಣೆಗಳೂ ಹೊಸ ಅನುವಾದಗಳೂ ಬಂದಿವೆ. ಒಬ್ಬರ ಕೈಯಲ್ಲಿ ಹಳೆಯದು, ಇನ್ನೊಬ್ಬರ ಮೊಬೈಲಿನಲ್ಲಿ ಹೊಸದು ಇರುತ್ತದೆ. ಅದಕ್ಕೇ ಎಲ್ಲರೂ ಒಟ್ಟಿಗೆ ಓದಲು ಹೋದರೆ ಗೊಂದಲ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಆ ಮನೆಯ ಮಗಳೋ ಮಗನೋ ಓದಿದರೆ ಇನ್ನೂ ಚೆನ್ನ. ಹಿಂದಿನ ದಿನ ಎರಡು ಸಲ ಓದಿಸಿಕೊಂಡಿರಿ.

ಬೆಂಗಳೂರಿನ ಕೂಟಗಳಲ್ಲಿ ತಮಿಳು, ತೆಲುಗು ಮನೆಮಾತಿನವರು ಇದ್ದೇ ಇರುತ್ತಾರೆ. ಸಂದೇಶವನ್ನು ವಾಕ್ಯವಾಕ್ಯಕ್ಕೂ ಅನುವಾದ ಮಾಡಿದರೆ ಹದಿನೈದು ನಿಮಿಷದ್ದು ಮೂವತ್ತಾಗುತ್ತದೆ, ಆದ್ದರಿಂದ ಹೇಳುವವರು ಎಂಟು ನಿಮಿಷಕ್ಕೆ ಸಿದ್ಧ ಮಾಡಿಕೊಳ್ಳಬೇಕು. ಪ್ರಾರ್ಥನೆಗೆ ಅನುವಾದ ಬೇಡವೇ ಬೇಡ. ಅಜ್ಜಿ ತಮಿಳಿನಲ್ಲಿ ಪ್ರಾರ್ಥಿಸಿದರೆ ತಮಿಳಿನಲ್ಲೇ ಆಗಲಿ, "ಆಮೆನ್" ಎಲ್ಲರಿಗೂ ಗೊತ್ತು.

ಇನ್ನು ಪ್ರಾರ್ಥನೆ. ಕೂಟ ಚೆನ್ನಾಗಿ ಆಗುವುದೂ ಕೆಡುವುದೂ ಇಲ್ಲೇ.

"ಯಾರಿಗಾದರೂ ಪ್ರಾರ್ಥನೆ ಬೇಕಾ?" ಎಂದು ಕೇಳಿದ ಕೂಡಲೇ ಮೌನ ಬೀಳುತ್ತದೆ. ಆ ಮೌನ ತುಂಬಲು ಯಾರೋ ಒಬ್ಬರು ಅಲ್ಲಿಲ್ಲದವರ ವಿಷಯ ತೆಗೆಯುತ್ತಾರೆ: ಇಂಥವರ ಮಗಳಿಗೆ ಇನ್ನೂ ಮದುವೆ ಆಗಿಲ್ಲ, ಇಂಥವರ ಮಗ ಕುಡಿಯುತ್ತಾನಂತೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಕ್ಕಿಲ್ಲ. ಆದರೂ ಮರುದಿನ ಅದು ಇಡೀ ಸಭೆಗೆ ಗೊತ್ತಾಗಿರುತ್ತದೆ, ನೊಂದ ಆ ಮನೆಯವರು ಸಭೆಗೆ ಬರುವುದನ್ನೇ ಬಿಡುತ್ತಾರೆ. ಅದಕ್ಕೆ ನಡೆಸುವವರು ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು: "ನಮ್ಮ ನಮ್ಮ ವಿಷಯ ಮಾತ್ರ ಹೇಳೋಣ. ಬೇರೆಯವರ ವಿಷಯ ಆದರೆ ಅವರನ್ನು ಕೇಳಿ ಬಂದಿದ್ದರೆ ಮಾತ್ರ. ಇಲ್ಲಿ ಕೇಳಿದ್ದು ಈ ಬಾಗಿಲು ದಾಟಬಾರದು." ಪ್ರತಿ ತಿಂಗಳೂ ಇದೇ ಮಾತು ಹೇಳಿ, ಬೇಸರವಾಗುತ್ತದೆಂದು ಬಿಡಬೇಡಿ.

ಬಾಯಿಬಿಟ್ಟು ಹೇಳಲಾಗದವರಿಗಾಗಿ ಚಿಕ್ಕ ಚೀಟಿಗಳನ್ನೂ ಎರಡು ಪೆನ್ನನ್ನೂ ಇಡಿ. ಬರೆದುಕೊಡಲಿ, ಹೆಸರು ಬೇಡವಾದರೆ ಬೇಡ. ಆಮೇಲೆ ಇಬ್ಬಿಬ್ಬರು ಮೂವರು ಮೂವರಾಗಿ ಹತ್ತಿರ ಸರಿದು ಕೂರಲಿ, ಹೆಂಗಸರು ಹೆಂಗಸರೊಂದಿಗೆ, ಗಂಡಸರು ಗಂಡಸರೊಂದಿಗೆ. ಇಡೀ ಗುಂಪಿನ ಮುಂದೆ ಬಾಯಿ ತೆರೆಯದ ಸೊಸೆ ಇನ್ನೊಬ್ಬ ಅಕ್ಕನ ಮುಂದೆ ಎರಡು ಮಾತು ಆಡುತ್ತಾಳೆ, ಆ ಅಕ್ಕ ಅವಳ ಕೈ ಹಿಡಿದು ಎರಡೇ ವಾಕ್ಯದಲ್ಲಿ ಪ್ರಾರ್ಥಿಸಿದರೂ ಆ ಸಾಯಂಕಾಲಕ್ಕೆ ಅಷ್ಟು ಸಾಕು. ಒಬ್ಬೊಬ್ಬರೂ ಸೃಷ್ಟಿಯಿಂದ ಪ್ರಕಟನೆಯವರೆಗೆ ಪ್ರಾರ್ಥಿಸಿದರೆ ಬೇರೆಯವರಿಗೆ ಹೊತ್ತೇ ಉಳಿಯುವುದಿಲ್ಲ. ಒಬ್ಬರಿಗೆ ಒಂದು ವಿಷಯ, ಒಂದು ನಿಮಿಷ.

ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಒಂದು ಎಚ್ಚರ. ನಂಬಿಕೆ ಇದ್ದರೆ ಮಾತ್ರೆ ಬಿಡು, ಇನ್ಸುಲಿನ್ ಬಿಡು ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಬಂದರೆ ಆ ಕ್ಷಣವೇ, ಅಲ್ಲೇ ತಿದ್ದಬೇಕು, ಹೇಳಿದವರು ಎಷ್ಟೇ ಹಿರಿಯರಾದರೂ ಸರಿ. ಇದರಿಂದ ಜೀವಕ್ಕೇ ಅಪಾಯ. ಪೌಲನ ಜೊತೆಗಿದ್ದ ಲೂಕ ವೈದ್ಯನೇ ಆಗಿದ್ದ (ಕೊಲೊಸ್ಸೆ 4:14). ಕೆಲಸಕ್ಕೆ ಬರುವ ಅಕ್ಕನೋ ಪಕ್ಕದ ಮನೆಯವರೋ ಬಂದು ಕೂತಿದ್ದರೆ, ಅವರೇ ಕೇಳದೆ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಡಿ. "ನಿಮಗಾಗಿ ಪ್ರಾರ್ಥಿಸಬಹುದಾ?" ಎಂದು ಕೇಳಿ, ಬೇಡ ಎಂದರೆ ನಗುತ್ತಾ ಟೀ ಕೊಡಿ.

ವಾಟ್ಸಾಪ್ ಗುಂಪಿಗೆ ಸ್ಕ್ಯಾನ್ ರಿಪೋರ್ಟಿನ ಫೋಟೊ, ವಾರ್ಡ್ ನಂಬರ್ ಹಾಕುವ ಅಭ್ಯಾಸವನ್ನೂ ಬಿಡಬೇಕು. "ನಮ್ಮ ಸಭೆಯ ಒಬ್ಬರ ಆಪರೇಶನ್ ನಾಳೆ, ಪ್ರಾರ್ಥಿಸಿ" ಎಂದರೆ ದೇವರಿಗೆ ಗೊತ್ತಾಗುತ್ತದೆ.

ಅಯ್ಯನವರು ಬರಲಾಗದಿದ್ದರೆ ಸಭೆಯ ಹಿರಿಯರೋ ನೀವೇ ದಂಪತಿಗಳೋ ನಡೆಸಬಹುದು. ವ್ಯತ್ಯಾಸ ಕೊನೆಯ ಆಶೀರ್ವಾದದಲ್ಲಿ ಮಾತ್ರ. ಅಭಿಷಿಕ್ತ ಸಭಾಪಾಲಕರು ಕೈಯೆತ್ತಿ ದೇವರ ಕೃಪೆ "ನಿಮ್ಮೆಲ್ಲರ ಸಂಗಡ ಇರಲಿ" ಎನ್ನುತ್ತಾರೆ. ಬೇರೆಯವರು ನಡೆಸಿದಾಗ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ನಂತರ ಎಲ್ಲರೂ ಕೂಡಿ "ನಮ್ಮೆಲ್ಲರ ಸಂಗಡ ಇರಲಿ" ಎಂದು ಹೇಳಿ ಮುಗಿಸುವುದು ವಾಡಿಕೆ. ನಿಮ್ಮ ಸಭೆಯ ಪದ್ಧತಿ ಬೇರೆಯಿದ್ದರೆ ಅದನ್ನೇ ಅನುಸರಿಸಿ. ಕಾಣಿಕೆ ಎತ್ತುವ ವಾಡಿಕೆ ಇದ್ದರೆ ಇಬ್ಬರು ಕೂತು ಎಣಿಸಿ, ಮೊತ್ತ ಬರೆದು ಇಬ್ಬರೂ ಸಹಿ ಹಾಕಿ ಖಜಾಂಚಿಗೆ ತಲುಪಿಸಿ.

ಊಟದ ಮಾತಿಗೆ ಮತ್ತೆ ಬರೋಣ. ಮೊದಲ ಮನೆಯಲ್ಲಿ ಟೀ ಬಿಸ್ಕತ್ತು, ಎರಡನೇ ಮನೆಯಲ್ಲಿ ಪಲಾವ್, ಮೂರನೇ ಮನೆಯಲ್ಲಿ ಬಿರಿಯಾನಿ. ನಾಲ್ಕನೇ ಮನೆಯವರು "ಈ ತಿಂಗಳು ನಮಗೆ ಆಗಲ್ಲ" ಎನ್ನುತ್ತಾರೆ, ಆಮೇಲೆ ಅವರ ಹೆಸರು ಪಟ್ಟಿಯಲ್ಲೇ ಬರುವುದಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಇಲ್ಲದವರಿಗೆ ನಾಚಿಕೆಪಡಿಸಿದ ಹಾಗೇ ಆಯಿತು. ಕೊರಿಂಥದ ಸಭೆಗೆ ಪೌಲ ಗದರಿಸಿ ಬರೆದದ್ದೂ ಇದೇ ವಿಷಯಕ್ಕೆ (1 ಕೊರಿಂಥ 11:22). ಆದ್ದರಿಂದ ಟೀ ಮತ್ತು ಒಂದೇ ಒಂದು ತಿಂಡಿ, ಎಲ್ಲ ಮನೆಗೂ ಇದೇ ನಿಯಮ ಎಂದು ಸಭೆಯ ಕಮಿಟಿಯೇ ಗೊತ್ತುಮಾಡುವುದು ಒಳ್ಳೆಯದು. ನಿಮ್ಮಲ್ಲಿ ಆ ನಿಯಮ ಇಲ್ಲದಿದ್ದರೆ, ಕೈಯಲ್ಲಿ ಹಣವಿದ್ದರೂ ನೀವೇ ಸರಳವಾಗಿ ಮಾಡಿ ತೋರಿಸಿ, ಮುಂದಿನ ಮನೆಯವರು ನಿಮಗೆ ಋಣಿಯಾಗಿರುತ್ತಾರೆ.

ಇಪ್ಪತ್ತು ಜನರ ಟೀಗೆ ಅರ್ಧ ಲೀಟರಿನ ಮೂರು ಪ್ಯಾಕೆಟ್ ಹಾಲು, ಮುಕ್ಕಾಲು ಲೀಟರ್ ನೀರು, 50 ಗ್ರಾಂ ಟೀ ಪುಡಿ, 200 ಗ್ರಾಂ ಸಕ್ಕರೆ. ಸಕ್ಕರೆ ಹಾಕುವ ಮೊದಲೇ ನಾಲ್ಕೈದು ಲೋಟ ಬೇರೆ ತೆಗೆದಿಡಿ, ಶುಗರ್ ಇರುವವರು ಬಂದೇ ಬರುತ್ತಾರೆ. ಉಪ್ಪಿಟ್ಟಾದರೆ ಒಂದೂವರೆ ಕಿಲೋ ರವೆ. ರವೆಯನ್ನು ಮಧ್ಯಾಹ್ನವೇ ಹುರಿದು, ತರಕಾರಿ ಹೆಚ್ಚಿಟ್ಟು, ಆರೂವರೆಗೆ ಉಪ್ಪಿಟ್ಟು ಮುಗಿಸಿ ಮುಚ್ಚಿಡಿ. ಮನೆಯಾಕೆ ಕೂಟದುದ್ದಕ್ಕೂ ಅಡುಗೆಮನೆಯಲ್ಲೇ ಉಳಿದರೆ, ಯೇಸು ಮನೆಗೆ ಬಂದಾಗ ಕೆಲಸದಲ್ಲೇ ಮುಳುಗಿದ್ದ ಮಾರ್ಥಳ ಕಥೆಯೇ ಆಗುತ್ತದೆ. ಕೂಟ ಬಂದಿರುವುದು ಆಕೆಯ ಮನೆಗೆ, ಆಕೆಗಾಗಿ ಯಾರೂ ಪ್ರಾರ್ಥಿಸದೆ ಎಲ್ಲರೂ ಎದ್ದು ಹೋದದ್ದೂ ಉಂಟು. ಕುಕ್ಕರ್ ಕೂಗುತ್ತಿದ್ದರೆ ಆರಿಸಿ, ಆಕೆ ಬಂದು ಕೂರಲಿ. ಟೀ ಕಾಯಿಸಲು ಕೊನೆಯ ಆಮೆನ್ ಆದ ಮೇಲೆ ಹತ್ತು ನಿಮಿಷ ಸಾಕು, ಲೋಟ ತೊಳೆಯಲು ಇಬ್ಬರು ಯುವಕರಿಗೆ ಮೊದಲೇ ಹೇಳಿಟ್ಟಿರಿ.

ಎಲ್ಲರೂ ಹೋದ ಮೇಲೆ ಚೀಟಿಗಳನ್ನು ಹಾಲ್‌ನಲ್ಲಿ ಬಿಡಬೇಡಿ. ಯಾರು ಏನು ಹೇಳಿದರು ಎಂದು ದಿನಾಂಕದ ಸಮೇತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಚೀಟಿಗಳನ್ನು ಹರಿದುಹಾಕಿ. ಗುರುವಾರ ಸ್ಕ್ಯಾನ್ ಇದೆ ಎಂದವರಿಗೆ ಗುರುವಾರ ಸಾಯಂಕಾಲ ಫೋನ್ ಮಾಡಿ. ಇಂಟರ್‌ವ್ಯೂ ಎಂದ ಹುಡುಗನಿಗೆ ಭಾನುವಾರ ದೇವಾಲಯದ ಮೆಟ್ಟಿಲ ಹತ್ತಿರ ಸಿಕ್ಕಾಗ ಏನಾಯಿತೆಂದು ಕೇಳಿ, ಆಗಲಿಲ್ಲ ಎಂದರೂ ಸ್ವಲ್ಪ ಹೊತ್ತು ಜೊತೆಗೆ ನಿಲ್ಲಿ. ಮುಂದಿನ ಕೂಟ ಯಾರ ಮನೆಯಲ್ಲೋ ಅವರಿಗೆ ಜಮಖಾನ ಕೊಡುವಾಗ ಆ ನೋಟ್‌ಬುಕ್ಕನ್ನೂ ಕೈಗೆ ಕೊಡಿ.